ದಿನಕ್ಕೆ ನೂರು ಸಲ ಚೆಂಡಿನ ಮೇಲೆ ಕುಣಿಸಿದರೆ ಮಗು ಬೇಗ ನಡೆಯುತ್ತಾ?

ಈ ಸಲ ಕೇಳಿದವರು ಮಂಡ್ಯದ ತಾಯಿಯೊಬ್ಬರು. "ಮೇಡಂ, ಮಗೂಗೆ ಒಂದೂವರೆ ವರ್ಷ ದಾಟ್ತು, ಇನ್ನೂ ನಡೀತಿಲ್ಲ. ಥೆರಪಿ ಬಾಲ್ ತಂದಿದ್ದೀವಿ. ದಿನಾ ನೂರು ಸಲ ಕುಣಿಸಿದ್ರೆ ಕಾಲಿಗೆ ಶಕ್ತಿ ಬರುತ್ತಂತೆ, ಹೌದಾ?"

ಇಲ್ಲ. ಹೋದ ವರ್ಷ ಕೇಳಿದವರಿಗೂ ಇಲ್ಲ ಅಂದಿದ್ದೆ. ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಚೆಂಡು ಆಮೇಲೆ.

ಗಾಳಿ ತುಂಬಿದ ಆ ದೊಡ್ಡ ಚೆಂಡಿನ ಮೇಲೆ ಮಗುವನ್ನು ಕೂರಿಸಿ, ಕಂಕುಳಲ್ಲಿ ಹಿಡಿದು, ನೀವೇ ಎತ್ತಿ ಎತ್ತಿ ಕುಣಿಸುತ್ತೀರಿ. ಕೆಲಸ ಮಾಡಿದ್ದು ಯಾರು? ನಿಮ್ಮ ತೋಳು, ಚೆಂಡಿನೊಳಗಿನ ಗಾಳಿ. ಮಗುವಿನ ಕಾಲು ಸುಮ್ನೆ ನೇತಾಡುತ್ತಿತ್ತು, ಅಲ್ವಾ? ಮೈ ಮೊದಲೇ ಬಿಗಿ ಇರುವ ಮಕ್ಕಳನ್ನು ಜೋರಾಗಿ ಕುಣಿಸಿದರೆ ಬಿಗಿ ಇನ್ನೂ ಜಾಸ್ತಿಯಾಗಬಹುದು. ಮೈ ತೀರಾ ಮೆತ್ತಗಿರುವ ಮಕ್ಕಳನ್ನು ನಾವೂ ಒಂದಿಷ್ಟು ಕುಣಿಸುತ್ತೇವೆ. ಅದು ಮೈಯನ್ನು ಎಚ್ಚರಿಸಲು, ಲೆಕ್ಕ ಭರ್ತಿ ಮಾಡಲು ಅಲ್ಲ.

ಚೆಂಡಿನ ನಿಜವಾದ ಕೆಲಸ ವಾಲುವುದು. ಸೊಂಟ ಹಿಡಿದು, ಚೆಂಡನ್ನು ನಿಧಾನಕ್ಕೆ ಒಂದು ಪಕ್ಕಕ್ಕೆ ಚೂರೇ ಚೂರು ವಾಲಿಸಿ, ಕಾಯಿರಿ. ಒಳಕಿವಿ 'ಬೀಳ್ತಿದ್ದೀಯ' ಅನ್ನುತ್ತದೆ. ಕುತ್ತಿಗೆ, ಹೊಟ್ಟೆ, ಬೆನ್ನು ಸೇರಿ ಮಗುವನ್ನು ನೆಟ್ಟಗೆ ತರುತ್ತವೆ. ಆ ಎಳೆದುಕೊಳ್ಳುವುದೇ ವ್ಯಾಯಾಮ. ಬೇಗ ವಾಲಿಸಿದರೆ ಮಗು ಹೆದರಿ ನಿಮ್ಮನ್ನೇ ತಬ್ಬುತ್ತದೆ, ಅಷ್ಟೇ. ಅಳತೆ ಸುಲಭ: ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಗಾಳಿ ಸ್ವಲ್ಪ ಕಡಿಮೆ ಇದ್ದರೆ ಚೆಂಡು ಹೆಚ್ಚು ಉರುಳುವುದಿಲ್ಲ. ಟೈಲ್ಸ್ ಮೇಲೆ ಬೇಡ, ಯೋಗ ಮ್ಯಾಟ್ ಹಾಸಿ.

ಅಂದಹಾಗೆ, ಚೆಂಡೇ ಇಲ್ಲದವರು ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. 1963ರಲ್ಲಿ ಇಟಲಿಯಲ್ಲಿ ತಯಾರಾದ ಚೆಂಡು ಇದು. ಸ್ವಿಟ್ಜರ್ಲೆಂಡಿನಲ್ಲಿ ಮೇರಿ ಕ್ವಿಂಟನ್ ಎಂಬ ಫಿಸಿಯೋಥೆರಪಿಸ್ಟ್ ಎಳೆಮಕ್ಕಳ ಚಿಕಿತ್ಸೆಗೆ ಬಳಸಿದರು. ಅದಕ್ಕೂ ಮುಂಚೆ ನಮ್ಮ ಮಕ್ಕಳು ತೂಗಾಡಲೇ ಇಲ್ಲವೇ? ತೊಟ್ಟಿಲು ಒಂದೇ ಲಯದಲ್ಲಿ ತೂಗಿ ಸಮಾಧಾನ ಮಾಡುತ್ತದೆ, ಆದರೆ ಅಲ್ಲಿ ಮಗು ಸುಮ್ನೆ ಮಲಗಿರುತ್ತದೆ. ಅಜ್ಜಿಯರು ಅಂಗಾತ ಮಲಗಿ, ಮಂಡಿ ಮಡಿಸಿ, ಮೊಣಕಾಲ ಕೆಳಗಿನ ಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ತೂಗುತ್ತಿದ್ದರಲ್ಲ, ಅದು ಬೇರೆ. ಅಜ್ಜಿಯ ಮುಖ ನೋಡಲು ಮಗು ತಲೆ ಎತ್ತಲೇಬೇಕು, ಬೀಳದಂತೆ ಮಂಡಿ ಹಿಡಿಯಲೇಬೇಕು. ಚೆಂಡಿನ ಮೇಲೆ ಬೋರಲು ಹಾಕಿ ನಾನು ಮಾಡಿಸುವುದೂ ಹೆಚ್ಚುಕಡಿಮೆ ಇದೇ.

ಪಾಂಡವಪುರದ ಅಜ್ಜಿಯೊಬ್ಬರಿಗೆ ಇದನ್ನೇ ಹೇಳಿಕೊಟ್ಟೆ. "ಇದು ನಂಗೆ ಗೊತ್ತಿತ್ತಲ್ಲವ್ವ! ಮೈಸೂರಿಗೆ ಬಸ್ಸು ಫ್ರೀ, ಅದ್ಕೇ ಸುಮ್ಕಿವ್ನಿ" ಅಂದರು.