ತಲೆಗೆ ಕರೆಂಟು ಕೊಟ್ಟರೆ ತೋಳಿಗೆ ಬಲ ಬರುತ್ತಾ?

ಗರಡಿಗೋ ಜಿಮ್‌ಗೋ ಹೊಸದಾಗಿ ಸೇರಿದವರು ಇದನ್ನು ಗಮನಿಸಿರಬಹುದು. ಮೊದಲ ಕೆಲವು ವಾರದಲ್ಲೇ ಎತ್ತುವ ಭಾರ ಜಾಸ್ತಿಯಾಗುತ್ತದೆ, ತೋಳಿನ ಸುತ್ತಳತೆ ಮಾತ್ರ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಮಿದುಳು, ನರಗಳು ಆಗ ಕಲಿಯುತ್ತಿರುತ್ತವೆ.

ಹಾಗಿದ್ದರೆ ಮಿದುಳಿಗೇ ಸ್ವಲ್ಪ ಕರೆಂಟು ಕೊಟ್ಟರೆ? ತಲೆಬುರುಡೆಯ ಮೇಲಿಂದ ಮಿದುಳಿಗೆ ಸಣ್ಣ ನೇರ ವಿದ್ಯುತ್ (ಡಿಸಿ) ಹರಿಸುವ ಈ ವಿಧಾನಕ್ಕೇ ಟಿಡಿಸಿಎಸ್ ಅನ್ನುವುದು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜು, ಒಂದೆರಡು ಮಿಲಿಆಂಪ್, ಸುಮಾರು 20 ನಿಮಿಷ. ಕೈಕಾಲು ಆಡಿಸುವ ಮಿದುಳಿನ ಭಾಗವನ್ನು ಇದು ಸ್ವಲ್ಪ ಹೊತ್ತು ಚುರುಕಾಗಿಸಬಲ್ಲದು, ಕರೆಂಟಿನ ದಿಕ್ಕು ತಿರುಗಿಸಿದರೆ ಮಂಕಾಗಿಸಬಲ್ಲದು ಎಂದು ಜರ್ಮನಿಯ ಸಂಶೋಧಕರಾದ ನಿಟ್ಷೆ ಮತ್ತು ಪೌಲುಸ್ 2000ದಲ್ಲಿ ತೋರಿಸಿದರು. ಶಾಕ್ ಟ್ರೀಟ್‌ಮೆಂಟ್ ಬೇರೆ. ಅದರಲ್ಲಿ ಹರಿಯುವುದು ನೂರಾರು ಮಿಲಿಆಂಪ್. ಇಲ್ಲಿ ಚರ್ಮ ಚುರುಚುರು ಅನ್ನಬಹುದು, ಕೆರೆತ ಬರಬಹುದು.

ಸುಮ್ನೆ ಕೂತು ಕರೆಂಟು ಹರಿಸಿಕೊಂಡರೆ ಬಲ ಬರುವುದಿಲ್ಲ. ಇದು ನಾಲೆಯ ತೂಬು ಎತ್ತಿದ ಹಾಗೆ, ಉಳುಮೆ ನೀವೇ ಮಾಡಬೇಕು. ಗಟ್ಟಿಮುಟ್ಟಾದವರ ಮೇಲಿನ ಅಧ್ಯಯನಗಳು ಒಂದೊಂದು ಒಂದೊಂದು ಥರ ಹೇಳುತ್ತವೆ. ದಸರಾ ಕುಸ್ತಿಗೆ ತಯಾರಾಗುವ ಹುಡುಗರು ಕೇಳಿದರೆ ದುಡ್ಡು ಉಳಿಸಿಕೊಳ್ಳಿ ಅನ್ನುತ್ತೇನೆ.

ನನಗೆ ಆಸಕ್ತಿ ಇರುವುದು ಬೇರೆ ಕಡೆ. ಮಂಡ್ಯ ಕಡೆಯ ರೈತರೊಬ್ಬರಿಗೆ ಎಡ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದರು. ಬಲಗೈಗೆ ಡಂಬಲ್ ಕೊಟ್ಟೆ. 'ಮುರ್ದಿರೋದು ಈ ಕೈ, ನೀವು ಆ ಕೈಗೆ ಕೆಲ್ಸ ಕೊಡ್ತೀರಲ್ಲ ಸಾ!' ಅಂದರು. ನ್ಯಾಯವಾದ ಪ್ರಶ್ನೆ, ಅಲ್ವಾ? ಒಂದು ಕೈ ಪಳಗಿಸಿದರೆ ಇನ್ನೊಂದಕ್ಕೂ ಬಲ ಬರುತ್ತದೆ ಎಂಬುದು 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಂಡ ವಿಷಯ. ಈಗಿನ ಲೆಕ್ಕದಲ್ಲಿ ಅದು ಶೇಕಡಾ 8ರಿಂದ 12ರಷ್ಟು.

ಕರೆಂಟನ್ನು ಇದರ ಜೊತೆ ಸೇರಿಸಿಯೂ ನೋಡಿದ್ದಾರೆ. ಬಲಗೈ ಭಾರ ಎತ್ತುತ್ತಿರುವಾಗ ಚುರುಕಾಗಿಸುವ ಸ್ಪಂಜು ಇಡುವುದು ಮಿದುಳಿನ ಬಲಭಾಗದ ಮೇಲೆ. ಎಡಗೈಯನ್ನು ಆಡಿಸುವುದು ಅದೇ ಭಾಗ ತಾನೆ! ಹೀಗೆ ಮಾಡಿದಾಗ ಕೆಲಸ ಮಾಡದ ಕೈಗೆ ಬಲ ಇನ್ನಷ್ಟು ದಾಟಿದ್ದು ಕಂಡಿದೆ. ಆದರೆ ಅವು ಸಣ್ಣ ಗುಂಪಿನ ಪ್ರಯೋಗಗಳು, ಅದೂ ಆರೋಗ್ಯವಂತರ ಮೇಲೆ. ನಾನಂತೂ ಮೊದಲು ಇನ್ನೊಂದು ಕೈಯ ವ್ಯಾಯಾಮವನ್ನೇ ಹೇಳುತ್ತೇನೆ. ಅದಕ್ಕೆ ಖರ್ಚಿಲ್ಲ.

ವಿಡಿಯೊ ನೋಡಿ ಮನೆಯಲ್ಲಿ ಬ್ಯಾಟರಿ ಕಟ್ಟಿಕೊಳ್ಳುವ ಸಾಹಸ ಬೇಡ. ಸ್ಪಂಜು ಒಣಗಿದರೆ ಚರ್ಮ ಸುಟ್ಟೀತು. ಮೂರ್ಛೆರೋಗ ಇರುವವರು, ತಲೆಯೊಳಗೆ ಲೋಹ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇರುವವರು ನರರೋಗ ತಜ್ಞರನ್ನು ಕೇಳದೆ ಇದರ ಹತ್ತಿರವೂ ಹೋಗಬಾರದು.