ಫಿಟ್ಸ್ ಇದ್ದವರು ಓಡಬಾರದಾ?

"ಆಟಕ್ಕೆ ಬಿಡ್ತಿಲ್ಲ ಡಾಕ್ಟ್ರೇ, ಪಿ.ಟಿ. ಮೇಷ್ಟ್ರಿಗೂ ಹೇಳಿಬಿಟ್ಟಿದ್ದೀವಿ." ಚಿಕ್ಕಮಗಳೂರಿನ ನನ್ನ ಕ್ಲಿನಿಕ್‌ನಲ್ಲಿ ಅಪ್ಪ-ಅಮ್ಮಂದಿರು ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ದಣಿದರೆ ಫಿಟ್ಸ್ ಬರುತ್ತದೆ ಅನ್ನುವ ಭಯ. ಆದರೆ ವ್ಯಾಯಾಮದ ನಡುವೆ ಫಿಟ್ಸ್ ಬರುವುದು ಅಪರೂಪ. ನಿದ್ದೆಗೆಡುವುದು, ಮಾತ್ರೆ ತಪ್ಪಿಸುವುದು ಅದಕ್ಕಿಂತ ಎಷ್ಟೋ ಜಾಸ್ತಿ ಅಪಾಯ. ಮೂರ್ಛೆರೋಗದ ಅಂತರರಾಷ್ಟ್ರೀಯ ತಜ್ಞರ ಒಕ್ಕೂಟ 2016ರಲ್ಲಿ ಆಟಗಳನ್ನು ಅಪಾಯ ನೋಡಿ ಮೂರು ಗುಂಪು ಮಾಡಿತು. ಓಟ ಇರುವುದು ಅತಿ ಕಡಿಮೆ ಅಪಾಯದ ಗುಂಪಿನಲ್ಲಿ.

ಇನ್ನು ಕೆಲವರು ವಾಟ್ಸಾಪ್ ತೋರಿಸುತ್ತಾರೆ: ಓಡಿದರೆ ಮೆದುಳು ಮತ್ತೆ ಬೆಳೆಯುತ್ತದಂತೆ! ಪೂರ್ತಿ ಸುಳ್ಳಲ್ಲ. ಮೆದುಳಿನ ಒಳಗೆ, ಕಿವಿಯ ನೇರಕ್ಕೆ ಹಿಪ್ಪೊಕ್ಯಾಂಪಸ್ ಎಂಬ ಭಾಗ ಇದೆ. ಹೊಸ ನೆನಪು ಉಳಿಯಲು ಅದು ಬೇಕು. ಚಕ್ರದಲ್ಲಿ ಓಡಿದ ಇಲಿಗಳಿಗೆ ಅಲ್ಲಿ ಹೊಸ ನರಕೋಶಗಳು ಜಾಸ್ತಿ ಹುಟ್ಟಿದ್ದು 1999ರಲ್ಲಿ ಕಂಡುಬಂತು. 2011ರ ಅಮೆರಿಕದ ಅಧ್ಯಯನದಲ್ಲಿ ಒಂದು ವರ್ಷ, ವಾರಕ್ಕೆ 3 ದಿನ ನಡೆದ ವಯಸ್ಸಾದವರ ಹಿಪ್ಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ದೊಡ್ಡದಾಯಿತು. ಅವರು ಮೂರ್ಛೆರೋಗಿಗಳಲ್ಲ, ಅದು ನೆನಪಿರಲಿ. ದೊಡ್ಡವರ ಮೆದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತದಾ ಅನ್ನುವ ಜಗಳವೇ ಇನ್ನೂ ಮುಗಿದಿಲ್ಲ. 2018ರಲ್ಲಿ ಒಂದು ತಂಡ ಇಲ್ಲ ಅಂದಿತು, ಇನ್ನೊಂದು ಹೌದು ಅಂದಿತು.

ಮೂರ್ಛೆರೋಗದಲ್ಲಿ ವಿಷಯ ಇನ್ನೂ ಸಿಕ್ಕುಸಿಕ್ಕು. ಇಲಿಗಳಲ್ಲಿ ದೀರ್ಘ ಫಿಟ್ಸ್ ಆದ ಮೇಲೂ ಹೊಸ ಕೋಶಗಳು ಜಾಸ್ತಿ ಹುಟ್ಟುತ್ತವೆ. ಅವುಗಳಲ್ಲಿ ಕೆಲವು ದಾರಿ ತಪ್ಪಿ, ಸಲ್ಲದ ಜಾಗದಲ್ಲಿ ನೆಲೆಸಿ, ಸಲ್ಲದ ಸಂಪರ್ಕ ಕಟ್ಟಿಕೊಳ್ಳುತ್ತವೆ. ಗದ್ದೆ ಬಿಟ್ಟು ಬದುವಿನ ಮೇಲೆ ಮೊಳೆತ ಭತ್ತದ ಹಾಗೆ. ಹಾಗಾಗಿ ಎಷ್ಟು ಹುಟ್ಟಿತು ಅನ್ನುವುದಷ್ಟೇ ಲೆಕ್ಕವಲ್ಲ. ಬ್ರೆಜಿಲ್‌ನ ಪ್ರಯೋಗಗಳಲ್ಲಿ ಓಡಿಸಿದ ಇಲಿಗಳಿಗೆ ಫಿಟ್ಸ್ ಕಡಿಮೆಯಾದದ್ದು ನಿಜ, ಒಳ್ಳೆಯ ಸುದ್ದಿಯೇ. ಆದರೂ ಕೆಲವು ಮೂರ್ಛೆರೋಗಿಗಳಲ್ಲಿ ಕಾಣುವ ಕುಗ್ಗಿ ಗಟ್ಟಿಯಾದ ಹಿಪ್ಪೊಕ್ಯಾಂಪಸ್ ವಾಕಿಂಗ್‌ನಿಂದ ಮೊದಲಿನಂತಾಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹಾಗಿದ್ದರೂ ನಡೆಯಿರಿ ಅಂತೀನಿ. ಈ ಕಾಯಿಲೆಯವರಲ್ಲಿ ಖಿನ್ನತೆ ಜಾಸ್ತಿ, ವ್ಯಾಯಾಮ ಅದಕ್ಕೆ ಒಳ್ಳೆಯದು. ನಿದ್ದೆಯೂ ಚೆನ್ನಾಗಿ ಬರುತ್ತದೆ. ಫಿಟ್ಸ್ ಮಾತ್ರೆಗಳಲ್ಲಿ ವ್ಯಾಲ್‌ಪ್ರೋಯೇಟ್ ತೂಕ ಏರಿಸುತ್ತದೆ. ಫೆನಿಟಾಯಿನ್ ವರ್ಷಗಟ್ಟಲೆ ತಗೊಂಡರೆ ಮೂಳೆ ಸವೆಯುತ್ತದೆ. ಎರಡಕ್ಕೂ ನಡಿಗೆ ಬೇಕು. ಇಷ್ಟು ಸಾಲದಾ?

ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕ್ ಸಾಕು. ಕೆರೆಯಲ್ಲಿ ಒಬ್ಬರೇ ಈಜುವುದು ಬೇಡವೇ ಬೇಡ. ಮುಳ್ಳಯ್ಯನಗಿರಿಗೆ ಹೋದರೂ ಅಂಚಿನಿಂದ ದೂರ ಇರಿ. ಟೋಪಿರಾಮೇಟ್ ಎಂಬ ಫಿಟ್ಸ್ ಮಾತ್ರೆ ತಗೊಳ್ಳುವವರಿಗೆ ಬೆವರು ಕಡಿಮೆ, ಬಿಸಿಲಿನಲ್ಲಿ ಓಡಬೇಡಿ. ವ್ಯಾಯಾಮ ಶುರುವಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ. ಜೊತೆಗೆ ಬರುವವರಿಗೆ ಮೊದಲೇ ಹೇಳಿಡಿ: ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು.