ಉಕ್ರೇನ್ ಹೊಲಗಳಿಗೆ ಇಷ್ಟೊಂದು ಸೂರ್ಯಕಾಂತಿ ಬಂದಿದ್ದು ಹೇಗೆ?

2022ರ ಫೆಬ್ರವರೀಲಿ ಯುದ್ಧ ಶುರುವಾಗಿದ್ದೇ ತಡ, ನಮ್ಮಲ್ಲಿ ಸನ್‌ಫ್ಲವರ್ ಎಣ್ಣೆ ರೇಟ್ ಗಗನಕ್ಕೇರ್ತು, ನೆನಪಿರ್ಬೋದು. ಅಷ್ಟೊಂದು ಎಣ್ಣೆ ಉಕ್ರೇನ್‌ನಿಂದಾನೇ ಯಾಕೆ ಬರ್ತಿತ್ತು ಅಂದ್ರೆ ಅಲ್ಲಿನ ಎರೆ ಮಣ್ಣು ಅಂತಾರೆ, ಅದು ನಿಜಾನೇ, ಆದ್ರೆ ನನ್ನ ಪ್ರಕಾರ ಸರ್ಕಾರದ ಎರಡು ಕಾನೂನಿಗೂ ಅಷ್ಟೇ ಪಾಲಿದೆ.

ಸೋವಿಯತ್ ಕಾಲದಲ್ಲಿ ಜಮೀನೆಲ್ಲ ಸರ್ಕಾರದ್ದು, ಬೇಸಾಯ ಕೊಲ್ಖೋಜ್ ಅನ್ನೋ ಸಾಮೂಹಿಕ ಫಾರ್ಮುಗಳದ್ದು. ಸೋವಿಯತ್ ಒಕ್ಕೂಟ ಒಡೆದು ಉಕ್ರೇನ್ ಬೇರೆ ದೇಶ ಆದ್ಮೇಲೆ ಆ ಜಮೀನನ್ನ ಸುಮಾರು 70 ಲಕ್ಷ ಹಳ್ಳಿ ಜನಕ್ಕೆ ಹಂಚಿದ್ರು, ಸರಾಸರಿ ಒಬ್ಬೊಬ್ರಿಗೆ 4 ಹೆಕ್ಟೇರ್, ಅಂದ್ರೆ ಹತ್ತು ಎಕರೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಎಷ್ಟೋ ಜನಕ್ಕೆ ವಯಸ್ಸಾಗಿತ್ತು, ಟ್ರ್ಯಾಕ್ಟರ್ ಇಲ್ಲ, ದುಡ್ಡಿಲ್ಲ. ದೊಡ್ಡ ಕುಳಗಳು ಪುಡಿಗಾಸಿಗೆ ಬಾಚ್ಕೊಳ್ತಾರೆ ಅನ್ನೋ ಭಯಕ್ಕೆ 2001ರಲ್ಲಿ ಜಮೀನು ಮಾರಾಟ "ತಾತ್ಕಾಲಿಕವಾಗಿ" ನಿಲ್ಲಿಸಿದ್ರು, ಆ ತಾತ್ಕಾಲಿಕ ಎಳೆದೂ ಎಳೆದೂ 20 ವರ್ಷ ಆಯ್ತು!

ಮಾರೋಹಾಗಿಲ್ಲ, ಅಡ ಇಟ್ಟು ಸಾಲ ತಗೊಳೋಹಾಗಿಲ್ಲ ಅಂದ್ರೆ ಇನ್ನೇನ್ ಮಾಡ್ತಾರೆ, ಗುತ್ತಿಗೆಗೆ ಕೊಟ್ರು, ಅದೂ ಕಮ್ಮಿ ರೇಟಿಗೆ, ಎಷ್ಟೋ ಕಡೆ ಬಾಡಿಗೆ ಅಂತ ಸಿಕ್ಕಿದ್ದು ಗೋಧಿ, ಸಕ್ಕರೆ, ಎಣ್ಣೆ. ಯಾರು ಬಾಚ್ಕೊಳ್ಬಾರ್ದು ಅಂತ ಕಾನೂನು ತಂದ್ರೋ ಅದೇ ದೊಡ್ಡ ಕಂಪನಿಗಳು ಕೊಂಡ್ಕೊಳ್ಳದೇ ಲಕ್ಷಗಟ್ಟಲೆ ಹೆಕ್ಟೇರ್ ಉಳೋಕೆ ಶುರು ಮಾಡಿದ್ವು. ಗುತ್ತಿಗೆ ಜಮೀನಲ್ಲಿ ಹಣ್ಣಿನ ತೋಟ ಯಾರ್ ಹಾಕ್ತಾರೆ, ನೀರಾವರಿಗೆ ಯಾರ್ ದುಡ್ಡು ಸುರೀತಾರೆ? ಬಿತ್ತಿದ ವರ್ಷಾನೇ ಕಾಸು ಕೈಗೆ ಬರೋ ಬೆಳೆ ಬೇಕು. ಸೂರ್ಯಕಾಂತಿ ಅದಕ್ಕೆ ಹೇಳಿ ಮಾಡ್ಸಿದ ಬೆಳೆ. ಒಂದೇ ಹೊಲಕ್ಕೆ ಪದೇ ಪದೇ ಹಾಕಿದ್ರೆ ಮಣ್ಣು ಸೊರಗುತ್ತೆ, ರೋಗ ಬರುತ್ತೆ, ಆದ್ರೆ ಮಣ್ಣು ತನ್ನದಲ್ವಲ್ಲ.

ಇನ್ನೊಂದು ಕಾನೂನು 1999ರದ್ದು. ಸೂರ್ಯಕಾಂತಿ ಬೀಜ ಹೊರದೇಶಕ್ಕೆ ಕಳಿಸಿದ್ರೆ 23% ಸುಂಕ ಅಂದ್ರು, ಆಮೇಲೆ ಇಳಿಸ್ತಾ ಇಳಿಸ್ತಾ 10%ಗೆ ತಂದ್ರು. ಎಣ್ಣೆಗೆ ಸುಂಕ ಇಲ್ಲ. ಹೀಗಾಗಿ ಬೀಜ ದೇಶದೊಳಗೇ ಅಗ್ಗವಾಗಿ ಉಳೀತು, ಎಣ್ಣೆ ಮಿಲ್ಲುಗಳು ಒಂದರ ಹಿಂದೊಂದು ಎದ್ವು. ಆ ಸುಂಕ ಕಟ್ಟಿದ್ದು ಒಂಥರಾ ರೈತಾನೇ, ಅವನಿಗೆ ಸಿಗೋ ರೇಟಲ್ಲೇ ಅದು ಕಟ್ ಆಗ್ತಿತ್ತು, ಆದ್ರೂ ಬೇರೆ ಬೆಳೆಗಿಂತ ಇದ್ರಲ್ಲೇ ಲಾಭ ಜಾಸ್ತಿ ಇದ್ದಿದ್ರಿಂದ ಬಿಡ್ಲಿಲ್ಲ.

ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಸಾಲಕ್ಕೆ ಷರತ್ತು ಹಾಕಿದ್ಮೇಲೆ 2020ರಲ್ಲಿ ಹೊಸ ಕಾನೂನು ಪಾಸಾಗಿ, 2021ರ ಜುಲೈ 1ರಿಂದ ಜಮೀನು ಮಾರಾಟ ಮತ್ತೆ ಶುರುವಾಯ್ತು, ಒಬ್ಬ ವ್ಯಕ್ತಿಗೆ 100 ಹೆಕ್ಟೇರ್ ಮಿತಿ. ಎಂಟೇ ತಿಂಗಳಿಗೆ ಯುದ್ಧ. 2024ರ ಜನವರಿಯಿಂದ ಅಲ್ಲಿನ ಕಂಪನಿಗಳೂ 10,000 ಹೆಕ್ಟೇರ್‌ವರೆಗೂ ಕೊಳ್ಬೋದು, ವಿದೇಶಿಯರಿಗೆ ಮಾತ್ರ ಇನ್ನೂ ಬಾಗಿಲು ತೆಗ್ದಿಲ್ಲ. ಈ ಮಿತಿ ಇರೋದು ಕೊಳ್ಳೋದಕ್ಕೆ ಅಷ್ಟೇ, ಗುತ್ತಿಗೆಗಲ್ಲ, ಹಾಗಾಗಿ ದೊಡ್ಡ ಕಂಪನಿಗಳು ಇವತ್ತಿಗೂ ಮೊದಲಿನ ಥರಾನೇ ಗುತ್ತಿಗೆ ಮೇಲೆ ಉಳ್ತಾ ಇರೋದು.